ಡೆಸ್ಕ್‌ಟಾಪ್ ಮೂಲೆಯ ಪುಟ್ಟ ಮಾನಿಟರ್: ರ‍್ಯಾಮ್ ಶೇ. 87 ಅನ್ನುತ್ತಿದೆ, ಯಾವ ಅಂಕಿ ನಂಬಲಿ?

ಅಂಚಿನಮನೆ:
ಎಲ್ಲರಿಗೂ ನಮಸ್ಕಾರ. ಒಂದು ವಿಚಾರ ತಲೆ ತಿನ್ನುತ್ತಿದೆ, ಸ್ವಲ್ಪ ದಾರಿ ತೋರಿಸಿ.

ನನ್ನದು ಲಿನಕ್ಸ್ ಡೆಸ್ಕ್‌ಟಾಪ್. 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ. ಕೆಲವು ತಿಂಗಳಿಂದ ಒಂದು ಕಾಟ ಶುರುವಾಗಿದೆ. ಫೈಲ್ ಸೇವ್ ಮಾಡಲು ಹೋದಾಗ ಒಮ್ಮೊಮ್ಮೆ ಆ ಕಿಟಕಿ ಬೂದು ಬಣ್ಣಕ್ಕೆ ತಿರುಗಿ ಆರೇಳು ಸೆಕೆಂಡು ಹಾಗೇ ಕೂತುಬಿಡುತ್ತದೆ. ಮೌಸ್ ಓಡಾಡುತ್ತದೆ, ಹಾಡು ನಿಲ್ಲುವುದಿಲ್ಲ, ಆ ಒಂದು ಪ್ರೋಗ್ರಾಂ ಮಾತ್ರ ಸತ್ತ ಹಾಗೆ. ಆಮೇಲೆ ತಾನಾಗೇ ಮುಂದುವರಿಯುತ್ತದೆ. ಐದು ನಿಮಿಷ ಬಿಟ್ಟು ಅದೇ ಕೆಲಸ ಮಾಡಿದರೆ ಏನೂ ಆಗುವುದಿಲ್ಲ.

ಕಾರಣ ಹಿಡಿಯೋಣ ಅಂತ ಎರಡು ವಾರದ ಹಿಂದೆ ಪರದೆಯ ಬಲ ಮೂಲೆಯಲ್ಲಿ ಕಾಂಕಿ ಅನ್ನುವ ಪುಟ್ಟ ಮಾನಿಟರ್ ಹಾಕಿಕೊಂಡೆ. ಯಾರೋ ಹಂಚಿಕೊಂಡಿದ್ದ ಕಾನ್ಫಿಗ್ (ಸೆಟ್ಟಿಂಗ್ ಫೈಲ್) ತಗೊಂಡು ನನಗೆ ಬೇಕಾದ ಹಾಗೆ ತಿದ್ದಿದ್ದೇನೆ. ಗಡಿಯಾರ, ಸಿಪಿಯು, ರ‍್ಯಾಮ್, ನೆಟ್‌ವರ್ಕ್, ಎರಡು ಡಿಸ್ಕಿನ ತಾಪಮಾನ, ಇಷ್ಟೇ. ಈಗ ನೋಡಿದರೆ ರ‍್ಯಾಮ್ ಯಾವಾಗಲೂ ಶೇ. 85ರ ಮೇಲೇ ಇದೆ, ಇವತ್ತು ಶೇ. 87. ಸಿಪಿಯು ಶೇ. 10 ದಾಟುವುದಿಲ್ಲ. ಹಾಗಾದರೆ ರ‍್ಯಾಮ್ ಸಾಲದೆ ಹೀಗಾಗುತ್ತಿದೆಯಾ? ಇನ್ನೂ ರ‍್ಯಾಮ್ ಹಾಕಿಸಬೇಕಾ? ಇದಕ್ಕಿಂತ ಹಗುರವಾದ, ನಂಬಬಹುದಾದ ಟೂಲ್ ಇದ್ದರೆ ಅದನ್ನೂ ಹೇಳಿ.

ಸೊನ್ನೆಒಂದು:
ಶೇ. 87 ನೋಡಿ ರ‍್ಯಾಮ್ ಕೊಳ್ಳಲು ಹೋಗಬೇಡಿ, ಮೊದಲು ತಡೆಯಿರಿ.

ನೀವು ಒಂದು ಫೈಲ್ ಓದಿದರೆ ಲಿನಕ್ಸ್ ಅದರ ಪ್ರತಿಯನ್ನು ರ‍್ಯಾಮಿನಲ್ಲೇ ಇಟ್ಟುಕೊಳ್ಳುತ್ತದೆ, ಮತ್ತೆ ಕೇಳಿದರೆ ಡಿಸ್ಕಿಗೆ ಹೋಗದೆ ಅಲ್ಲಿಂದಲೇ ಕೊಡೋಣ ಅಂತ. ಇದೇ ಕ್ಯಾಶೆ. ಯಾವುದಾದರೂ ಪ್ರೋಗ್ರಾಂ ಜಾಗ ಕೇಳಿದ ತಕ್ಷಣ ಇದನ್ನು ಬಿಟ್ಟುಕೊಡುತ್ತದೆ. ಕೆಲವು ಮಾನಿಟರ್‌ಗಳು ಇದನ್ನೂ 'ಬಳಕೆಯಾಗಿದೆ' ಅಂತ ಲೆಕ್ಕ ಹಾಕುತ್ತವೆ, ಕೆಲವು ಹಾಕುವುದಿಲ್ಲ. ನಿಮ್ಮ ಕಾಂಕಿ ಕಾನ್ಫಿಗ್‌ನಲ್ಲಿ ನೋ ಬಫರ್ಸ್ ಅನ್ನುವ ಸಾಲು ಹುಡುಕಿ. ಅದು ಫಾಲ್ಸ್ ಅಂತ ಇದ್ದರೆ ಕ್ಯಾಶೆಯನ್ನೂ ಸೇರಿಸಿ ತೋರಿಸುತ್ತಿದೆ. ಟ್ರೂ ಮಾಡಿ ನೋಡಿ, ಅಂಕಿ ಧಡಕ್ಕನೆ ಇಳಿಯುತ್ತದೆ.

ಟರ್ಮಿನಲ್‌ನಲ್ಲಿ ಫ್ರೀ ಕಮಾಂಡ್ ಕೊಟ್ಟರೆ ಕೊನೆಯಲ್ಲಿ ಅವೈಲಬಲ್ ಅನ್ನುವ ಕಾಲಂ ಬರುತ್ತದೆ. ಕಣ್ಣಿಡಬೇಕಾದ್ದು ಅದರ ಮೇಲೆ. ಪಕ್ಕದ ಫ್ರೀ ಕಾಲಂ ಬಿಟ್ಟುಬಿಡಿ.

ರಾತ್ರಿಪಾಳಿ:
ಖಾಲಿ ಬಿದ್ದಿರುವ ರ‍್ಯಾಮ್ ದಂಡ. ತುಂಬಿರಲಿ ಬಿಡಿ.

ಹಳೇಯಂತ್ರ:
@ರಾತ್ರಿಪಾಳಿ ಈ ಮಾತನ್ನು ಎಲ್ಲ ಕಡೆ ಕೇಳಿ ಕೇಳಿ ಸಾಕಾಗಿದೆ. ಅರ್ಧ ಮಾತ್ರ ಸರಿ. ಕ್ಯಾಶೆಯಿಂದ ತುಂಬಿದ್ದರೆ ಒಳ್ಳೆಯದು, ಒಪ್ಪುತ್ತೇನೆ. ಆದರೆ ಬ್ರೌಸರಿನ ಟ್ಯಾಬ್‌ಗಳಿಂದ ತುಂಬಿದ್ದರೆ? ಅದು ಕೇಳಿದ ತಕ್ಷಣ ಬಿಟ್ಟುಕೊಡುವ ಜಾಗ ಅಲ್ಲ. ನನ್ನ 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಅವೈಲಬಲ್ 300 ಎಂಬಿಗೆ ಇಳಿದಾಗ ಏನಾಗುತ್ತದೆ ಅಂತ ಕಣ್ಣಾರೆ ನೋಡಿದ್ದೇನೆ. ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿಯ ತುದಿಗೆ ಕೆಸ್ವಾಪ್‌ಡಿ ಸೊನ್ನೆ ಅನ್ನುವ ಹೆಸರು ಏರಿ ಬರುತ್ತದೆ, ಒಂದು ಕೋರ್ ಪೂರ್ತಿ ತಿನ್ನುತ್ತದೆ, ಅಕ್ಷರ ಒತ್ತಿದರೆ ಪರದೆಯ ಮೇಲೆ ಬರಲು ಎರಡು ಸೆಕೆಂಡು. ಕೆಸ್ವಾಪ್‌ಡಿ ಅಂದರೆ ಜಾಗ ಖಾಲಿ ಮಾಡುವ ಕರ್ನಲ್ ಕೆಲಸಗಾರ. ಅವನು ಬೆವರು ಸುರಿಸುತ್ತಿದ್ದಾನೆ ಅಂದರೆ ರ‍್ಯಾಮ್ ನಿಜಕ್ಕೂ ಸಾಲದು ಅಂತ ಅರ್ಥ.

ಹಾಗಾಗಿ 'ತುಂಬಿರಲಿ ಬಿಡಿ' ಅಂತ ಹೊಸಬರಿಗೆ ಹೇಳಬೇಡಿ. ಯಾವುದರಿಂದ ತುಂಬಿದೆ ಅಂತ ನೋಡಲು ಹೇಳಿ.

ರಾತ್ರಿಪಾಳಿ:
ಸರಿ, ಒಪ್ಪಿದೆ. ನಾನು ಹೇಳಿದ್ದು ಕ್ಯಾಶೆ ಬಗ್ಗೆಯೇ, ಪೂರ್ತಿ ಹೇಳಬೇಕಿತ್ತು.

ಮಿಂಚುಹುಳ:
ಈ ಅವೈಲಬಲ್ ಮೊದಲು ಇರಲಿಲ್ಲ ಅಲ್ವಾ? ಹಿಂದೆ ಫ್ರೀ ಜೊತೆ ಬಫರ್, ಕ್ಯಾಶೆ ಎಲ್ಲ ನಾವೇ ಕೂಡಿಸಿ ನೋಡುತ್ತಿದ್ದ ನೆನಪು.

ಸೊನ್ನೆಒಂದು:
ಹೌದು. 2014ರಲ್ಲಿ ಬಂದ 3.14 ಕರ್ನಲ್‌ನಿಂದ (ಲಿನಕ್ಸ್‌ನ ತಿರುಳು) ಮೆಮೊರಿ ಲೆಕ್ಕ ಇರುವ ಮೆಮ್‌ಇನ್ಫೋ ಫೈಲಿಗೆ ಆ ಸಾಲು ಸೇರಿತು. ಸುಮ್ನೆ ಕೂಡಿಸಿದರೆ ತಪ್ಪಾಗುತ್ತಿತ್ತು, ಯಾಕೆಂದರೆ ಕ್ಯಾಶೆಯಲ್ಲೂ ಎಲ್ಲವನ್ನೂ ಬಿಟ್ಟುಕೊಡಲು ಆಗುವುದಿಲ್ಲ, ಹಂಚಿಕೊಂಡ ಮೆಮೊರಿ ಕೂಡ ಅದರಲ್ಲೇ ಸೇರಿರುತ್ತದೆ. ಸ್ವಾಪ್ (ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ) ಮುಟ್ಟದೆ ಹೊಸ ಪ್ರೋಗ್ರಾಮಿಗೆ ಎಷ್ಟು ಸಿಗಬಹುದು ಅಂತ ಕರ್ನಲ್ಲೇ ಅಂದಾಜು ಮಾಡಿ ಹೇಳುವುದು ಅವೈಲಬಲ್. ಹಳೆಯ ವಿಜೆಟ್‌ಗಳು, ಹಳೆಯ ಸ್ಕ್ರಿಪ್ಟ್‌ಗಳು ಇನ್ನೂ ಹಳೇ ಲೆಕ್ಕವನ್ನೇ ಹಾಕುತ್ತಿರುತ್ತವೆ, ಅದಕ್ಕೇ ಎರಡು ಟೂಲ್ ಪಕ್ಕಪಕ್ಕ ಇಟ್ಟರೆ ಎರಡು ಬೇರೆ ಅಂಕಿ ಬರುತ್ತದೆ.

ಗುಬ್ಬಿಗೂಡು:
ವಿಂಡೋಸ್‌ನವರು ಇಲ್ಲಿ ಕೇಳಬಹುದಾ? ಟಾಸ್ಕ್ ಮ್ಯಾನೇಜರ್‌ನಲ್ಲೂ ಇದೇ ಕಥೆಯಾ?

ಕೀಲಿಮಣೆ:
ಧಾರಾಳವಾಗಿ ಕೇಳಿ. ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿದರೆ ಕೆಳಗೆ ಒಂದು ಪಟ್ಟಿ ಕಾಣುತ್ತದೆ, ಅದರ ಮೇಲೆ ಮೌಸ್ ಇಟ್ಟರೆ ಸ್ಟ್ಯಾಂಡ್‌ಬೈ ಅನ್ನುವ ಭಾಗ ಬರುತ್ತದೆ. ಅದೇ ಕ್ಯಾಶೆ. ಅಲ್ಲಿ ಅವೈಲಬಲ್ ಅಂದರೆ ಸ್ಟ್ಯಾಂಡ್‌ಬೈ ಮತ್ತು ಫ್ರೀ ಎರಡೂ ಸೇರಿದ್ದು. ಮ್ಯಾಕ್‌ನಲ್ಲಿ 2013ರ ಮ್ಯಾವೆರಿಕ್ಸ್‌ನಿಂದ ಆಕ್ಟಿವಿಟಿ ಮಾನಿಟರ್ 'ಮೆಮೊರಿ ಪ್ರೆಷರ್' ಅಂತ ಒಂದು ಗ್ರಾಫ್ ಕೊಡುತ್ತದೆ. ಹಸಿರು, ಹಳದಿ, ಕೆಂಪು. ನನ್ನ ಮಟ್ಟಿಗೆ ಅದೇ ಸರಿಯಾದ ದಾರಿ. ಎಷ್ಟು ತುಂಬಿದೆ ಅನ್ನುವುದಕ್ಕಿಂತ ಎಷ್ಟು ಒತ್ತಡ ಇದೆ ಅಂತ ಹೇಳುತ್ತದೆ.

ಇನ್ನೊಂದು ಮಾತು. ಪ್ರತಿ ಪ್ರೋಗ್ರಾಮಿನ ಮೆಮೊರಿ ಕೂಡಿಸಿ ಮೊತ್ತ ಹಾಕಲು ಹೋಗಬೇಡಿ. ಲಿನಕ್ಸ್‌ನಲ್ಲಿ ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೋರಿಸುವ ಟಾಪ್‌ನಲ್ಲಿ ರೆಸ್ ಅಂತ ಕಾಣುವ ಆರ್‌ಎಸ್‌ಎಸ್‌ನಲ್ಲಿ (ಪ್ರೋಗ್ರಾಂ ಹಿಡಿದಿರುವ ಮೆಮೊರಿ) ಹಂಚಿಕೊಂಡ ಲೈಬ್ರರಿಗಳು ಒಬ್ಬೊಬ್ಬರ ಲೆಕ್ಕದಲ್ಲೂ ಬರುತ್ತವೆ. ಬ್ರೌಸರ್ ಮೂವತ್ತು ಪ್ರಾಸೆಸ್ ಮಾಡಿಕೊಂಡಿದ್ದರೆ ಒಂದೇ ಜಾಗ ಮೂವತ್ತು ಸಲ ಎಣಿಸಿದ ಹಾಗೆ. ಪಾಲು ಹಂಚಿ ಲೆಕ್ಕ ಹಾಕುವುದು ಪಿಎಸ್‌ಎಸ್, ಅದನ್ನು ತೋರಿಸುವ ಟೂಲ್ ಸ್ಮೆಮ್.

ಮಿಂಚುಹುಳ:
ವಿಂಡೋಸ್ ಮಾತು ಬಂದಿತಲ್ಲ, ಒಂದು ನೆನಪು. ಪರಿಚಯದವರೊಬ್ಬರು ಫೋನ್ ಮಾಡಿ "ಸಿಸ್ಟಂ ಐಡಲ್ ಪ್ರಾಸೆಸ್ ಅಂತ ಒಂದು ವೈರಸ್ ಸೇರಿಕೊಂಡಿದೆ, ಸಿಪಿಯು ಶೇ. 95 ಅದೇ ನುಂಗುತ್ತಿದೆ, ಎಂಡ್ ಟಾಸ್ಕ್ ಕೊಟ್ಟರೂ ಹೋಗುತ್ತಿಲ್ಲ" ಅಂದರು. ಪಾಪ, ಎರಡು ದಿನ ಅದರ ಹಿಂದೆ ಬಿದ್ದಿದ್ದರು. ಅದು ಸಿಪಿಯು ಬಿಡುವಾಗಿರುವ ಸಮಯ, ಯಾರೂ ನುಂಗುತ್ತಿಲ್ಲ ಅಂತ ಬಿಡಿಸಿ ಹೇಳಿದ ಮೇಲೆ ಸಮಾಧಾನ ಆಯಿತು. ತಪ್ಪು ಅವರದ್ದಲ್ಲ. ಬಿಡುವನ್ನೂ ಕೆಲಸದ ಹಾಗೆ ಪಟ್ಟಿಯಲ್ಲಿ ತೋರಿಸಿದರೆ ಹೊಸಬರು ಇನ್ನೇನು ಅಂದುಕೊಳ್ಳಬೇಕು?

ತಂತಿಜಾಲ:
ಅದೇ ರೀತಿ ಲಿನಕ್ಸ್‌ನ ಟಾಪ್‌ನಲ್ಲಿ ಶೇ. 400 ಅಂತ ನೋಡಿ ಗಾಬರಿ ಆಗುವವರೂ ಇದ್ದಾರೆ. ಅಲ್ಲಿ ಒಂದು ಕೋರ್ ಪೂರ್ತಿ ಅಂದರೆ ಶೇ. 100, ನಾಲ್ಕು ಕೋರ್ ತಿಂದರೆ ಶೇ. 400. ಟಾಪ್ ತೆರೆದಿದ್ದಾಗ ದೊಡ್ಡ ಐ ಒತ್ತಿದರೆ ಎಲ್ಲ ಕೋರ್ ಸೇರಿಸಿ ಶೇ. 100ಕ್ಕೆ ಭಾಗಿಸಿ ತೋರಿಸುತ್ತದೆ. ಟಾಸ್ಕ್ ಮ್ಯಾನೇಜರ್ ಮೊದಲಿನಿಂದಲೂ ಎಲ್ಲ ಸೇರಿಸಿಯೇ ಹೇಳುವುದು. ಅದರಲ್ಲೂ ಒಂದು ತೊಂದರೆ ಇದೆ. 8 ಕೋರ್ ಯಂತ್ರದಲ್ಲಿ ಒಂದು ಪ್ರೋಗ್ರಾಂ ಒಂದೇ ಕೋರಿನಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಿದ್ದರೆ ಒಟ್ಟು ಶೇ. 12.5 ಅಂತ ಮಾತ್ರ ಕಾಣುತ್ತದೆ. ನೋಡಿದವರು ಎಲ್ಲ ಆರಾಮ ಅಂದುಕೊಳ್ಳುತ್ತಾರೆ.

ಮೂಲೆಯ ವಿಜೆಟ್‌ನಲ್ಲಿ ಒಟ್ಟು ಸಿಪಿಯು ಒಂದೇ ಅಂಕಿ ಇಡಬೇಡಿ. ಕೋರಿಗೊಂದು ಸಣ್ಣ ಗೆರೆ ಇಡಿ.

ಅಂಚಿನಮನೆ:
ಎಲ್ಲರಿಗೂ ಧನ್ಯವಾದ. ನೋ ಬಫರ್ಸ್ ನಿಜವಾಗಿಯೂ ಫಾಲ್ಸ್ ಇತ್ತು! ಬದಲಾಯಿಸಿದೆ, ಶೇ. 87 ಇದ್ದದ್ದು ಶೇ. 31 ಆಯಿತು. ಅವೈಲಬಲ್ 10 ಜಿಬಿ ಮೇಲೆ ಇದೆ. ರ‍್ಯಾಮ್ ವಿಷಯ ಮನಸ್ಸಿನಿಂದ ಇಳಿಯಿತು.

ಆದರೆ ನಿಂತು ಹೋಗುವುದು ಹಾಗೇ ಇದೆ. ಇವತ್ತು ಇನ್ನೊಂದು ಗಮನಿಸಿದೆ. ಕಾಂಕಿಯ ಗಡಿಯಾರ ನೋಡುತ್ತಾ ಕೂತಿದ್ದೆ, ಸೆಕೆಂಡು 05ರಲ್ಲಿ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಒಂದೇ ಸಲಕ್ಕೆ 12ಕ್ಕೆ ಜಿಗಿಯಿತು. ಆಗ ನಾನು ಏನೂ ಮಾಡುತ್ತಿರಲಿಲ್ಲ, ಯಾವ ಫೈಲೂ ತೆರೆದಿರಲಿಲ್ಲ. ಸಿಪಿಯು ಶೇ. 4. ಲೋಡ್ ಆವರೇಜ್ 0.30 ಇದ್ದದ್ದು ಮಾನಿಟರ್ ಎಚ್ಚರವಾದಾಗ 0.38 ಆಗಿತ್ತು, ಅಷ್ಟೇ.

ರಾತ್ರಿಪಾಳಿ:
ಕಾಂಕಿಯೇ ಕೆಟ್ಟಿರಬೇಕು. ತೆಗೆದು ಬಿಟಾಪ್ ಹಾಕಿಕೊಳ್ಳಿ, ಚೆನ್ನಾಗಿದೆ. ಇಲ್ಲಾ ಎಚ್‌ಟಾಪ್ ಸಾಕು.

ಹಳೇಯಂತ್ರ:
ತೆಗೆಯಬೇಡಿ!! ಅದು ಕೆಟ್ಟಿಲ್ಲ, ಅದು ಸಾಕ್ಷಿ ಹೇಳುತ್ತಿದೆ. ಗಡಿಯಾರ ನಿಲ್ಲುವುದೆಂದರೆ ಕಾಂಕಿ ತಾನೇ ಯಾವುದಕ್ಕೋ ಕಾಯುತ್ತಿದೆ ಅಂತ.

ಲೋಡ್ ಆವರೇಜ್ ಬಗ್ಗೆ ಹೇಳುತ್ತೇನೆ, ಇದರಲ್ಲಿ ತುಂಬಾ ಜನ ಎಡವುತ್ತಾರೆ. ಲಿನಕ್ಸ್‌ನಲ್ಲಿ ಈ ಅಂಕಿಗೆ ಸಿಪಿಯು ಬೇಕು ಅಂತ ಸಾಲಿನಲ್ಲಿ ನಿಂತವರಷ್ಟೇ ಅಲ್ಲ, ಡಿಸ್ಕ್ ಉತ್ತರಕ್ಕೆ ಕಾಯುತ್ತಾ ಎಬ್ಬಿಸಲಾಗದ ನಿದ್ದೆಯಲ್ಲಿರುವವರೂ ಸೇರುತ್ತಾರೆ. ಪಟ್ಟಿಯಲ್ಲಿ ಅವರ ಸ್ಥಿತಿಗೆ 'ಡಿ' ಅಂತ ಬರೆದಿರುತ್ತದೆ. ಬೇರೆ ಯುನಿಕ್ಸ್‌ಗಳಲ್ಲಿ ಸಾಮಾನ್ಯವಾಗಿ ಸಿಪಿಯು ಸಾಲು ಮಾತ್ರ. ಲಿನಕ್ಸ್‌ನಲ್ಲಿ ಈ ಬದಲಾವಣೆ ಆದದ್ದು 1993ರಲ್ಲಿ. ಹಾಗಾಗಿ ಸಿಪಿಯು ಶೇ. 4 ಇದ್ದೂ ಲೋಡ್ ಏರಿದರೆ ಡಿಸ್ಕ್ ಕಡೆ ನೋಡಬೇಕು.

ಆದರೆ ನಿಮ್ಮ ಅಂಕಿ ಯಾಕೆ ಸ್ವಲ್ಪವೇ ಏರಿತು? ಮೂರು ಅಂಕಿಗಳಲ್ಲಿ ಅತಿ ಚುರುಕಾದದ್ದೂ ಒಂದು ನಿಮಿಷದ ಸರಾಸರಿ. ಒಂದೇ ಪ್ರಾಸೆಸ್ ಏಳು ಸೆಕೆಂಡು ಕಾದರೆ ಆ ಸರಾಸರಿಗೆ ಸುಮಾರು 0.1 ಸೇರುತ್ತದೆ ಅಷ್ಟೇ. 5 ನಿಮಿಷ, 15 ನಿಮಿಷದ್ದಂತೂ ಅಲುಗುವುದೇ ಇಲ್ಲ. ನಿಮ್ಮ ತೊಂದರೆ ಸಣ್ಣದು, ಜಾಲರಿಯ ಕಣ್ಣು ದೊಡ್ಡದು.

ತಂತಿಜಾಲ:
ಹಾಗಿದ್ದರೆ ಐಒವೇಟ್ ನೋಡಿದರೆ ಗೊತ್ತಾಗುತ್ತದಲ್ಲ? ಐಒವೇಟ್ ಜಾಸ್ತಿ ಅಂದರೆ ಸಿಪಿಯು ಡಿಸ್ಕ್ ಕೆಲಸದಲ್ಲಿ ಮುಳುಗಿದೆ ಅಂತ.

ಸೊನ್ನೆಒಂದು:
ಅಲ್ಲ, ಉಲ್ಟಾ. ಐಒವೇಟ್ ಅನ್ನುವುದು ಸಿಪಿಯು ಬಿಡುವಿನ ಒಂದು ಭಾಗ. ಸಿಪಿಯುಗೆ ಮಾಡಲು ಬೇರೆ ಕೆಲಸ ಇಲ್ಲ, ಯಾರೋ ಒಬ್ಬರು ಡಿಸ್ಕಿಗೆ ಕಾಯುತ್ತಿದ್ದಾರೆ ಅಂತ ಮಾತ್ರ ಹೇಳುತ್ತದೆ. ಅದೇ ಹೊತ್ತಿಗೆ ವಿಡಿಯೋ ಎನ್‌ಕೋಡ್ ಶುರು ಮಾಡಿದರೆ ಐಒವೇಟ್ ಸೊನ್ನೆಗೆ ಇಳಿದುಬಿಡುತ್ತದೆ, ಕಾಯುವವರು ಕಾಯುತ್ತಲೇ ಇರುತ್ತಾರೆ. ಕೋರ್ ಜಾಸ್ತಿ ಇದ್ದಷ್ಟೂ ಅಂಕಿ ಇನ್ನೂ ತೆಳುವಾಗುತ್ತದೆ.

ಇದಕ್ಕೆ ಸರಿಯಾದ ಅಳತೆ ಪಿಎಸ್‌ಐ. 2018ರ ಕೊನೆಗೆ 4.20 ಕರ್ನಲ್ ಜೊತೆ ಬಂತು. ಕರ್ನಲ್ ತನ್ನ ಅಂಕಿ ತೋರಿಸುವ ಪ್ರಾಕ್ ಒಳಗೆ ಪ್ರೆಷರ್ ಅನ್ನುವ ಫೋಲ್ಡರ್, ಅದರಲ್ಲಿ ಸಿಪಿಯು, ಮೆಮೊರಿ, ಐಒ (ಡಿಸ್ಕ್ ಓದು ಬರಹ) ಅಂತ ಬೇರೆ ಬೇರೆ ಫೈಲ್. ಕಳೆದ 10 ಸೆಕೆಂಡು, 60 ಸೆಕೆಂಡು, 300 ಸೆಕೆಂಡುಗಳಲ್ಲಿ ಶೇಕಡಾ ಎಷ್ಟು ಹೊತ್ತು ಯಾರಾದರೂ ಕಾಯುತ್ತಾ ಕೂತಿದ್ದರು ಅಂತ ನೇರವಾಗಿ ಹೇಳುತ್ತದೆ. ಏಳು ಸೆಕೆಂಡಿನ ಕಾಯುವಿಕೆ 10 ಸೆಕೆಂಡಿನ ಅಂಕಿಯಲ್ಲಿ ಸೊನ್ನೆಯಿಂದ 50ರ ಹತ್ತಿರಕ್ಕೆ ಹೋಗುತ್ತದೆ. ಲೋಡ್‌ನ 0.1 ಎಲ್ಲಿ, ಇದು ಎಲ್ಲಿ!

ನಿಮ್ಮ ವಿಜೆಟ್‌ನಲ್ಲಿ ಒಂದೇ ಒಂದು ಅಂಕಿ ಇಡಿ ಅಂದರೆ ನಾನು ಇದನ್ನೇ ಇಡುತ್ತೇನೆ. ಎಷ್ಟು ತುಂಬಿದೆ ಅನ್ನುವ ಅಂಕಿಗಳಿಂದ ಕುತೂಹಲ ತಣಿಯುತ್ತದೆ. ಯಾರು ಕಾಯುತ್ತಿದ್ದಾರೆ ಅನ್ನುವ ಅಂಕಿಯಿಂದ ಕಾರಣ ಸಿಗುತ್ತದೆ.

ನಿಧಾನಗತಿ:
ನನಗೆ ಈ ಮೂಲೆಯ ಮಾನಿಟರ್‌ಗಳೇ ಬೇಡ ಅನಿಸುತ್ತದೆ. ಯಾವಾಗಲೂ ಗೆರೆ ಕುಣಿಯುತ್ತಿದ್ದರೆ ಕಣ್ಣು ಅಲ್ಲೇ ಹೋಗುತ್ತದೆ, ಕೆಲಸ ನಿಲ್ಲುತ್ತದೆ. ತೊಂದರೆ ಬಂದಾಗ ಟೂಲ್ ತೆರೆದರೆ ಸಾಲದಾ?

ಹಳೇಯಂತ್ರ:
ಏಳು ಸೆಕೆಂಡಿನ ತೊಂದರೆಗೆ ಟೂಲ್ ತೆರೆಯುವಷ್ಟರಲ್ಲಿ ಅದು ಮುಗಿದಿರುತ್ತದೆ. ಅದಕ್ಕೇ ಮೊದಲೇ ತೆರೆದಿರಬೇಕು. ಆದರೆ ಕುಣಿಯುವ ಗೆರೆ ಬೇಡ ಅನ್ನುವುದಕ್ಕೆ ನನ್ನದೂ ಒಪ್ಪಿಗೆ. ಕಣ್ಣಿಗೆ ಬೇಡ, ಫೈಲಿಗೆ ಬರೆಯಲಿ. @ಅಂಚಿನಮನೆ, ಸೆಕೆಂಡಿಗೆ ಒಂದು ಸಾಲು, ಸಮಯ, ಐಒ ಪ್ರೆಷರ್, ಮತ್ತು ಪಿಎಸ್ ಪಟ್ಟಿಯಲ್ಲಿ 'ಡಿ' ಸ್ಥಿತಿಯಲ್ಲಿರುವ ಪ್ರಾಸೆಸ್‌ಗಳ ಹೆಸರು. ಎಂಟು ಸಾಲಿನ ಶೆಲ್ ಸ್ಕ್ರಿಪ್ಟ್ ಸಾಕು. ಎರಡು ಗಂಟೆ ಓಡಲು ಬಿಡಿ. ನಿಂತ ಸಮಯವನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಕೀಲಿಮಣೆ:
ಒಂದು ಪ್ರಶ್ನೆ. ನೀವು ಮೊದಲ ಸಲ ಬರೆದಾಗ ಎಸ್‌ಎಸ್‌ಡಿ ಒಂದೇ ಹೇಳಿದಿರಿ, ವಿಜೆಟ್‌ನಲ್ಲಿ ಮಾತ್ರ 'ಎರಡು ಡಿಸ್ಕಿನ ತಾಪಮಾನ' ಅಂದಿರಿ. ಎರಡನೆಯದು ಯಾವುದು?

ಗುಬ್ಬಿಗೂಡು:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ವಿಂಡೋಸ್‌ನಲ್ಲಿ ಮೂಲೆಯಲ್ಲಿ ಇಡುವಂಥದ್ದು ಯಾವುದು ಒಳ್ಳೆಯದು? ತಾಪಮಾನ, ಫ್ಯಾನ್ ವೇಗ ತೋರಿಸುವ ಒಂದು ಟೂಲ್ ಇತ್ತು, ಇದ್ದಕ್ಕಿದ್ದಂತೆ ವಿಂಡೋಸ್‌ನ ಆಂಟಿವೈರಸ್ ಡಿಫೆಂಡರ್ ಅದನ್ನು ಕೆಟ್ಟ ಫೈಲ್ ಅಂತ ತೆಗೆದು ಹಾಕಿತು.

ತಂತಿಜಾಲ:
2025ರ ಮಾರ್ಚ್‌ನಲ್ಲಿ ತುಂಬಾ ಜನರಿಗೆ ಹೀಗಾಯಿತು. ಟೂಲ್ ಕೆಟ್ಟದ್ದಲ್ಲ. ಸಿಪಿಯು ಒಳಗಿನ ಸೆನ್ಸರ್ ಓದಬೇಕಾದರೆ ಕರ್ನಲ್ ಮಟ್ಟದ ಡ್ರೈವರ್ ಬೇಕು, ಅದಕ್ಕೆ ಬಹಳ ಟೂಲ್‌ಗಳು ವಿನ್‌ರಿಂಗ್‌ಸೊನ್ನೆ ಅನ್ನುವ ಹಳೆಯ ಡ್ರೈವರನ್ನೇ ಜೊತೆಗೆ ಕಟ್ಟಿಕೊಂಡಿದ್ದವು. ಆ ಡ್ರೈವರಿನಲ್ಲಿ ಭದ್ರತೆಯ ತೂತು ಇದೆ ಅಂತ 2020ರಲ್ಲೇ ದಾಖಲಾಗಿತ್ತು. ಯಾವ ಸಾಮಾನ್ಯ ಪ್ರೋಗ್ರಾಂ ಬೇಕಾದರೂ ಅದರ ಮೂಲಕ ಮೆಷಿನ್ ಪೂರ್ತಿ ಮುಟ್ಟಬಹುದು. ಹಾಗಾಗಿ ಡಿಫೆಂಡರ್ ತಡೆದದ್ದು ಸರಿಯೇ. ಅದನ್ನು ಆಫ್ ಮಾಡಿ ಹಳೇ ಟೂಲ್ ಓಡಿಸಬೇಡಿ, ಆ ಡ್ರೈವರ್ ಬಿಟ್ಟಿರುವ ಹೊಸ ಆವೃತ್ತಿ ಇದೆಯಾ ನೋಡಿ.

ತಾಪಮಾನ ಬೇಡ ಅಂದರೆ ರೇನ್‌ಮೀಟರ್ ಸಾಕು, ಸಿಪಿಯು, ರ‍್ಯಾಮ್, ನೆಟ್‌ವರ್ಕ್ ಎಲ್ಲ ಸುಲಭವಾಗಿ ತೋರಿಸುತ್ತದೆ. ಆಳಕ್ಕೆ ಇಳಿಯಬೇಕಾದರೆ ಪ್ರಾಸೆಸ್ ಎಕ್ಸ್‌ಪ್ಲೋರರ್. ಮಾರ್ಕ್ ರುಸಿನೋವಿಚ್ ಅವರ ಸಿಸ್‌ಇಂಟರ್ನಲ್ಸ್‌ನದ್ದು, 2006ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಟ್ರೇನಲ್ಲಿ ಪುಟ್ಟ ಗ್ರಾಫ್ ಆಗಿ ಕೂರುತ್ತದೆ, ಅದರ ಮೇಲೆ ಮೌಸ್ ಇಟ್ಟರೆ ಆ ಕ್ಷಣಕ್ಕೆ ಅತಿ ಜಾಸ್ತಿ ಸಿಪಿಯು ತಿನ್ನುತ್ತಿರುವವರ ಹೆಸರು ಬರುತ್ತದೆ. ಈ ಒಂದು ಸೌಲಭ್ಯ ಎಲ್ಲ ಟೂಲ್‌ಗಳಲ್ಲೂ ಇರಬೇಕಿತ್ತು.

ಮಿಂಚುಹುಳ:
ತಾಪಮಾನ ಬೇಡ ಅನ್ನುವುದನ್ನು ಒಪ್ಪುವುದಿಲ್ಲ. ನನ್ನ ಲ್ಯಾಪ್‌ಟಾಪ್ ಒಂದು ವರ್ಷ ಪೂರ್ತಿ ಮಧ್ಯಾಹ್ನದ ಹೊತ್ತಿಗೆ ತೆವಳುತ್ತಿತ್ತು. ಮಾನಿಟರ್ ನೋಡಿದರೆ ಸಿಪಿಯು ಶೇ. 100. ಪ್ರೋಗ್ರಾಂ ಭಾರ ಜಾಸ್ತಿ ಅಂದುಕೊಂಡು ಒಂದೊಂದನ್ನೇ ತೆಗೆದು ಹಾಕಿದೆ. ಕೊನೆಗೆ ಒಬ್ಬರು ಫ್ರೀಕ್ವೆನ್ಸಿಯನ್ನೂ ಪಕ್ಕದಲ್ಲಿ ಇಟ್ಟು ನೋಡಿ ಅಂದರು. ನೋಡಿದರೆ ತಾಪಮಾನ 97 ಡಿಗ್ರಿ, ಸಿಪಿಯು ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು 800 ಮೆಗಾಹರ್ಟ್ಸ್‌ಗೆ ಇಳಿಸಿಕೊಂಡಿದೆ. ಶೇ. 100 ಅಂದರೆ ಯಾವುದರ ಶೇ. 100 ಅಂತ ಆಗ ಅರ್ಥವಾಯಿತು. ಹಿಂಬದಿ ಮುಚ್ಚಳ ಬಿಚ್ಚಿದರೆ ಫ್ಯಾನ್ ಮತ್ತು ಲೋಹದ ರೆಕ್ಕೆಗಳ ನಡುವೆ ಬಟ್ಟೆಯ ತುಂಡಿನ ಹಾಗೆ ಧೂಳು ಹಾಸಿಕೊಂಡಿತ್ತು, ಉಗುರಿನಿಂದ ಎತ್ತಿದರೆ ಒಂದೇ ಪದರವಾಗಿ ಎದ್ದು ಬಂತು. ಅದನ್ನು ತೆಗೆದ ದಿನವೇ ಎಲ್ಲ ಸರಿಹೋಯಿತು.

ಸಿಪಿಯು ಶೇಕಡಾ ಇಡುವವರು ದಯವಿಟ್ಟು ಪಕ್ಕದಲ್ಲೇ ಫ್ರೀಕ್ವೆನ್ಸಿ ಇಡಿ.

ನಿಧಾನಗತಿ:
ಅದಕ್ಕಿಂತ ಮೊದಲು ಮಾನಿಟರ್ ತಾನೇ ಎಷ್ಟು ತಿನ್ನುತ್ತದೆ ಅಂತ ನೋಡಬೇಡವಾ? ಅರ್ಧ ಸೆಕೆಂಡಿಗೊಮ್ಮೆ ಎಲ್ಲವನ್ನೂ ಓದಿ ಬಣ್ಣ ಬಳಿಯುವುದಕ್ಕೂ ಸಿಪಿಯು ಬೇಕು.

ಸೊನ್ನೆಒಂದು:
ನಿಜ, ಅದು ಎಷ್ಟು ಸಲ ಮತ್ತು ಹೇಗೆ ಓದುತ್ತದೆ ಅನ್ನುವುದರ ಮೇಲಿದೆ. ಟಾಪ್ ಸಾಮಾನ್ಯವಾಗಿ 3 ಸೆಕೆಂಡಿಗೊಮ್ಮೆ, ಎಚ್‌ಟಾಪ್ 1.5 ಸೆಕೆಂಡಿಗೊಮ್ಮೆ, ಟಾಸ್ಕ್ ಮ್ಯಾನೇಜರ್ ಸೆಕೆಂಡಿಗೊಮ್ಮೆ. ಪ್ರಾಕ್‌ನಿಂದ ನಾಲ್ಕು ಅಂಕಿ ಓದುವುದು ಏನೇನೂ ಭಾರ ಅಲ್ಲ. ಭಾರ ಆಗುವುದು ಹೊರಗಿನ ಕಮಾಂಡ್ ಓಡಿಸಿದಾಗ. ಕಾಂಕಿಯಲ್ಲಿ ಎಕ್ಸೆಕ್ ಹಾಕಿದರೆ ಪ್ರತಿ ಸಲ ಹೊಸ ಶೆಲ್ ಹುಟ್ಟಿ, ಕಮಾಂಡ್ ಓಡಿ, ಸಾಯಬೇಕು. ಸೆಕೆಂಡಿಗೆ ಐದು ಹಾಗೆ ಇಟ್ಟರೆ ದಿನಕ್ಕೆ ನಾಲ್ಕು ಲಕ್ಷದ ಮೇಲೆ ಆಯಿತು. ಬದಲಿಗೆ ಎಕ್ಸೆಕ್‌ಐ ಹಾಕಿ ಅಂತರ ಕೊಡಬಹುದು. ಕಮಾಂಡ್ ನಿಧಾನದ್ದಾದರೆ ಟಿಎಕ್ಸೆಕ್‌ಐ, ಅದು ಬೇರೆ ಥ್ರೆಡ್‌ನಲ್ಲಿ ಓಡುತ್ತದೆ, ಕಾಂಕಿ ಕಾಯುವುದಿಲ್ಲ.

ರಾತ್ರಿಪಾಳಿ:
ಲ್ಯಾಪ್‌ಟಾಪ್‌ನವರು ಗ್ರಾಫಿಕ್ಸ್ ಕಾರ್ಡ್ ವಿಷಯದಲ್ಲೂ ಹುಷಾರು. ಎರಡು ಜಿಪಿಯು ಇರುವ ಯಂತ್ರದಲ್ಲಿ ದೊಡ್ಡದು ಸುಮ್ಮನಿದ್ದಾಗ ಪೂರ್ತಿ ಮಲಗಿಬಿಡುತ್ತದೆ. ಎನ್‌ವಿಡಿಯಾ ಎಸ್‌ಎಂಐ ಕಮಾಂಡನ್ನು ಎರಡು ಸೆಕೆಂಡಿಗೊಮ್ಮೆ ಓಡಿಸುವ ವಿಜೆಟ್ ಹಾಕಿದರೆ ಅದನ್ನು ಮಲಗಲು ಬಿಡುವುದೇ ಇಲ್ಲ. ನನ್ನ ಬ್ಯಾಟರಿ ಐದು ಗಂಟೆಯಿಂದ ಮೂರೂವರೆಗೆ ಇಳಿದಿತ್ತು, ಕಾರಣ ಹುಡುಕಲು ಒಂದು ವಾರ ಬೇಕಾಯಿತು. ಆ ಒಂದು ಸಾಲು ತೆಗೆದೆ, ಐದು ಗಂಟೆ ವಾಪಸ್ ಬಂತು.

ಹಳೇಯಂತ್ರ:
ಮಲಗಿದ್ದನ್ನು ಎಬ್ಬಿಸುವುದು... @ಅಂಚಿನಮನೆ, ಕೀಲಿಮಣೆ ಕೇಳಿದ ಪ್ರಶ್ನೆಗೆ ಬೇಗ ಉತ್ತರ ಕೊಡಿ. ನನಗೆ ಒಂದು ಅನುಮಾನ ಬರುತ್ತಿದೆ.

ತಂತಿಜಾಲ:
ನನಗೂ ಅದೇ.

ಅಂಚಿನಮನೆ:
ಈಗಷ್ಟೇ ಬಂದೆ. ಎರಡು ಗಂಟೆ ಅಂದಿರಿ, ಬೆಳಗ್ಗೆ ಎರಡು ಗಂಟೆ ಓಡಿಸಿದೆ.

ಕೀಲಿಮಣೆಯವರೇ, ಎರಡನೆಯದು ಯುಎಸ್‌ಬಿಯಲ್ಲಿ ಹಾಕಿರುವ ಹಳೆಯ ಹಾರ್ಡ್ ಡಿಸ್ಕ್. ಮೇಜಿನ ಹಿಂದೆ ಇರುತ್ತದೆ. ಫೋಟೋಗಳೆಲ್ಲ ಅದರಲ್ಲೇ ಇವೆ. ಬ್ಯಾಕಪ್ ಡಿಸ್ಕ್ ಅಂತ ಲೆಕ್ಕಕ್ಕೇ ತಗೊಂಡಿರಲಿಲ್ಲ, ಮೊದಲೇ ಹೇಳಬೇಕಿತ್ತು.

ಲಾಗ್ ನೋಡಿ ಮೈ ಜುಮ್ಮೆಂದಿತು. ನಿಂತ ಸಮಯಗಳು: 10:12, 10:42, 11:12, 11:42. ಕರೆಕ್ಟಾಗಿ ಅರ್ಧ ಗಂಟೆಗೊಮ್ಮೆ! 10:42:05ರಿಂದ 10:42:11ರ ತನಕ ಪ್ರತಿ ಸಾಲಿನಲ್ಲೂ 'ಡಿ' ಸ್ಥಿತಿಯಲ್ಲಿ ಒಂದೇ ಹೆಸರು ಇದೆ, ಡಿಸ್ಕಿನ ಆರೋಗ್ಯ ಕೇಳುವ ಸ್ಮಾರ್ಟ್‌ಸಿಟಿಎಲ್. ಐಒ ಪ್ರೆಷರ್ ಸೊನ್ನೆಯಿಂದ 44ಕ್ಕೆ ಹೋಗಿದೆ. ಉಳಿದ ಹೊತ್ತಿನಲ್ಲಿ ಎಲ್ಲ ಸೊನ್ನೆ, ಅಲ್ಲಲ್ಲಿ 0.5.

ಡಿಸ್ಕಿನ ತಾಪಮಾನಕ್ಕೆ ಸ್ಮಾರ್ಟ್‌ಸಿಟಿಎಲ್ ಕಮಾಂಡ್ ಹಾಕಿದ್ದು ನಾನೇ. ಸುಮ್ನೆ ಭಾರ ಬೇಡ ಅಂತ 1800 ಸೆಕೆಂಡಿಗೊಮ್ಮೆ ಅಂತ ಇಟ್ಟಿದ್ದೆ. ಎಕ್ಸೆಕ್‌ಐ.

11:42ಕ್ಕೆ ಮೇಜಿನ ಹಿಂದೆ ಕೈ ಹಾಕಿ ಡಿಸ್ಕ್ ಮೇಲೆ ಬೆರಳು ಇಟ್ಟುಕೊಂಡು ಕಾದೆ. ಮೊದಲು ಅಲುಗಾಟವೇ ಇಲ್ಲ, ತಣ್ಣಗೆ. ಸೆಕೆಂಡು 05 ಆದ ತಕ್ಷಣ ಒಳಗೆ ಟಿಕ್ ಅಂದಿತು, ಆಮೇಲೆ ಸಣ್ಣ ಗುಂಯ್ ಶಬ್ದ ಏರುತ್ತಾ ಹೋಯಿತು, ಬೆರಳಿಗೆ ನಡುಕ ಗೊತ್ತಾಯಿತು. ಪರದೆಯಲ್ಲಿ ಗಡಿಯಾರ ನಿಂತಿದೆ. ಶಬ್ದ ಒಂದೇ ಸಮನಾದ ಮೇಲೆ ಗಡಿಯಾರ 12ಕ್ಕೆ ಜಿಗಿಯಿತು.

ಹಳೇಯಂತ್ರ:
ಸಿಕ್ಕಿತು!

ಬಿಡಿಸಿ ಹೇಳುತ್ತೇನೆ. ನಿಮ್ಮ ಡಿಸ್ಕ್ ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ತಿರುಗುವುದನ್ನು ನಿಲ್ಲಿಸುತ್ತದೆ. ಮತ್ತೆ ಯಾರಾದರೂ ಮುಟ್ಟಿದರೆ ತಟ್ಟೆ ಪೂರ್ತಿ ವೇಗಕ್ಕೆ ಬರಲು ಕೆಲವು ಸೆಕೆಂಡು ಬೇಕು, ಅಷ್ಟು ಹೊತ್ತು ಕೇಳಿದವರು ಕಾಯಲೇಬೇಕು. ಅರ್ಧ ಗಂಟೆಗೊಮ್ಮೆ ಕಾಂಕಿ ಕಾಯುವುದಕ್ಕೆ ನೀವು ಹಾಕಿದ ಸಾಲು ಕಾರಣ. ಮೊದಲಿನಿಂದ ಇದ್ದ ಸೇವ್ ಕಿಟಕಿಯ ತೊಂದರೆಗೂ ಇದೇ ಡಿಸ್ಕ್ ಕಾರಣ ಇರಬೇಕು. ಸೇವ್ ಕಿಟಕಿ ಎಡಗಡೆ ಡ್ರೈವ್‌ಗಳು, ಇಷ್ಟದ ಫೋಲ್ಡರ್‌ಗಳು ಎಲ್ಲ ತೋರಿಸಬೇಕಲ್ಲ, ಫೋಟೋ ಫೋಲ್ಡರ್ ಅಲ್ಲಿ ಇದ್ದರೆ ಅದನ್ನು ಮುಟ್ಟಿ ನೋಡುತ್ತದೆ. ಡಿಸ್ಕ್ ಎಚ್ಚರವಾಗಿದ್ದರೆ ಏನೂ ಗೊತ್ತಾಗುವುದಿಲ್ಲ, ಮಲಗಿದ್ದರೆ ಏಳು ಸೆಕೆಂಡು. ಐದು ನಿಮಿಷ ಬಿಟ್ಟು ಮಾಡಿದರೆ ಆಗುವುದಿಲ್ಲ ಅಂದಿದ್ದಿರಿ, ಆಗ ಅದು ಇನ್ನೂ ತಿರುಗುತ್ತಿರುತ್ತದೆ.

ಸೊನ್ನೆಒಂದು:
ಸ್ಮಾರ್ಟ್‌ಸಿಟಿಎಲ್‌ಗೆ 'ಎನ್ ಸ್ಟ್ಯಾಂಡ್‌ಬೈ' ಆಯ್ಕೆ ಸೇರಿಸಿ. ಡಿಸ್ಕ್ ಮಲಗಿದ್ದರೆ ಎಬ್ಬಿಸದೆ ಹಾಗೇ ವಾಪಸ್ ಬರುತ್ತದೆ. ಎಕ್ಸೆಕ್‌ಐ ತೆಗೆದು ಟಿಎಕ್ಸೆಕ್‌ಐ ಮಾಡಿ. ಯುಎಸ್‌ಬಿ ಡಬ್ಬಿಯ ಚಿಪ್ ಕೆಲವು ಸಲ ಈ ಪ್ರಶ್ನೆಯನ್ನು ಡಿಸ್ಕಿಗೆ ಸರಿಯಾಗಿ ದಾಟಿಸುವುದಿಲ್ಲ, ಹಾಗಾದರೆ ಆ ತಾಪಮಾನದ ಸಾಲನ್ನೇ ತೆಗೆದುಬಿಡಿ. ಮಲಗಿರುವ ಡಿಸ್ಕಿನ ತಾಪಮಾನದಿಂದ ಏನೂ ಆಗಬೇಕಿಲ್ಲ.

ನಿಧಾನಗತಿ:
ಡಿಸ್ಕ್ ಮಲಗದೇ ಇರುವ ಹಾಗೆ ಮಾಡಿದರೆ ಎಲ್ಲ ಒಂದೇ ಸಲಕ್ಕೆ ಮುಗಿಯುತ್ತದಲ್ಲ?

ಕೀಲಿಮಣೆ:
ಮಾಡಬಹುದು, ಎಚ್‌ಡಿಪಾರ್ಮ್ ಅನ್ನುವ ಕಮಾಂಡಿನಿಂದ ಮಲಗುವ ಸಮಯ ಬದಲಿಸಬಹುದು, ಆ ಡಬ್ಬಿ ಒಪ್ಪಿದರೆ. ಆದರೆ ಹಳೆಯ ಡಿಸ್ಕ್, ಬ್ಯಾಕಪ್‌ಗೆ ಇಟ್ಟಿದ್ದು. ದಿನವಿಡೀ ಸುಮ್ನೆ ಯಾಕೆ ತಿರುಗಬೇಕು? ಹಾಗಂತ ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಎಬ್ಬಿಸುವುದು ಇನ್ನೂ ಕೆಟ್ಟದ್ದು, ಪ್ರತಿ ಸಲ ಮೋಟರ್ ಹೊರಡುವಾಗ ಸವೆತ ಜಾಸ್ತಿ. ಎರಡು ವಾರದಿಂದ ದಿನಕ್ಕೆ ಎಷ್ಟು ಸಲ ಆಗಿದೆಯೋ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ ಸ್ಟಾರ್ಟ್ ಸ್ಟಾಪ್ ಕೌಂಟ್ ಅಂತ ಒಂದು ಸಾಲು ಇರುತ್ತದೆ, ನೋಡಿ ಹೇಳಿ.

ನನ್ನ ಸಲಹೆ: ದಿನಾ ಬಳಸುವ ಫೋಟೋಗಳನ್ನು ಎಸ್‌ಎಸ್‌ಡಿಗೆ ತನ್ನಿ, ಬ್ಯಾಕಪ್ ಡಿಸ್ಕನ್ನು ಬ್ಯಾಕಪ್ ಮಾಡುವಾಗ ಮಾತ್ರ ಜೋಡಿಸಿ. ಆಮೇಲೆ ಫೋಟೋಗಳ ಪ್ರತಿ ಅದೊಂದರಲ್ಲೇ ಇದೆ ಅಂದಿರಿ. ಒಂದೇ ಕಡೆ ಇದ್ದರೆ ಅದನ್ನು ಬ್ಯಾಕಪ್ ಅನ್ನಲು ಆಗುವುದಿಲ್ಲ, ಇವತ್ತೇ ಇನ್ನೊಂದು ಪ್ರತಿ ಮಾಡಿ.

ಗುಬ್ಬಿಗೂಡು:
ನನಗೆ ಇದೆಲ್ಲ ಓದಿ ಒಂದು ಅನುಮಾನ. ನೆಟ್‌ವರ್ಕ್ ಅಂಕಿ ಮಾತ್ರ ಯಾವಾಗಲೂ ಕಡಿಮೆ ತೋರಿಸುತ್ತದೆ. ಕನೆಕ್ಷನ್ 100 ಎಂಬಿಪಿಎಸ್ ಅಂತ, ವಿಜೆಟ್ 11ರ ಮೇಲೆ ಹೋಗಿದ್ದನ್ನು ನೋಡಿಲ್ಲ.

ತಂತಿಜಾಲ:
ಅಲ್ಲಿ ಬಿಟ್, ಇಲ್ಲಿ ಬೈಟ್. ಎಂಟರಿಂದ ಭಾಗಿಸಿ, 12.5 ಬರುತ್ತದೆ. ಅದರಲ್ಲಿ ಪ್ಯಾಕೆಟ್‌ಗಳ ತಲೆಬರಹದ ಖರ್ಚು ತೆಗೆದರೆ 11 ಚಿಲ್ಲರೆ. ನಿಮ್ಮ ವಿಜೆಟ್ ಸರಿಯಾಗಿಯೇ ಇದೆ.

ಅಂಚಿನಮನೆ:
ಮಾಡಿದ್ದು ಹೇಳುತ್ತೇನೆ. ಹೊರಗಿನ ಡಿಸ್ಕಿನ ತಾಪಮಾನದ ಸಾಲು ತೆಗೆದೆ, ಆ ಜಾಗಕ್ಕೆ ಐಒ ಪ್ರೆಷರ್‌ನ 10 ಸೆಕೆಂಡಿನ ಅಂಕಿ ಬಂತು. ಸೇವ್ ಕಿಟಕಿಯ ಎಡಗಡೆಯಿಂದ ಫೋಟೋ ಫೋಲ್ಡರಿನ ಗುರುತು ತೆಗೆದೆ. ಸಿಪಿಯುಗೆ ಕೋರಿಗೊಂದು ಗೆರೆ, ಪಕ್ಕದಲ್ಲಿ ಫ್ರೀಕ್ವೆನ್ಸಿ. ಮಧ್ಯಾಹ್ನದಿಂದ ಒಂದು ಸಲವೂ ಗಡಿಯಾರ ನಿಂತಿಲ್ಲ. ಸೇವ್ ಕಿಟಕಿಯೂ ತಕ್ಷಣ ತೆರೆಯುತ್ತಿದೆ. ಡಿಸ್ಕ್ ಮಲಗಿದ್ದಾಗ ಬೇಕೆಂದೇ ನಾಲ್ಕು ಸಲ ತೆರೆದು ನೋಡಿದೆ.

ಸ್ಟಾರ್ಟ್ ಸ್ಟಾಪ್ ಕೌಂಟ್ 4,316 ಅಂತಿದೆ. ಇದು ಜಾಸ್ತಿಯಾ? ಫೋಟೋಗಳ ಇನ್ನೊಂದು ಪ್ರತಿ ಈಗ ಎಸ್‌ಎಸ್‌ಡಿಗೆ ಹೋಗುತ್ತಿದೆ, 62 ಜಿಬಿ ಆಗಿದೆ, ಇನ್ನು 140 ಬಾಕಿ.

ಕೀಲಿಮಣೆ:
4,316ಕ್ಕೆ ಹೆದರಬೇಕಿಲ್ಲ. ಅದರ ಪಕ್ಕದಲ್ಲಿ ರೀಅಲೊಕೇಟೆಡ್ ಸೆಕ್ಟರ್, ಕರೆಂಟ್ ಪೆಂಡಿಂಗ್ ಸೆಕ್ಟರ್ ಅಂತ ಡಿಸ್ಕಿನ ಕೆಟ್ಟ ಜಾಗ ಎಣಿಸುವ ಎರಡು ಸಾಲು ಇವೆ, ಅವು ಸೊನ್ನೆ ಇವೆಯಾ? ಕಾಪಿ ಮುಗಿದ ಮೇಲೆ ನೋಡಿ, ಈಗ ಅದನ್ನು ಮುಟ್ಟಬೇಡಿ.

ಅಂಚಿನಮನೆ:
ಸರಿ, ಮುಗಿದ ಮೇಲೆ ಬರೆಯುತ್ತೇನೆ.